ಕೋಲಾರದ ಗಣಿಯಲ್ಲಿ ಕಣಕ್ಷಯದ ಶೋಧ

ಪರಮಾಣುವು ನಿತ್ಯವೆಂಬುದು ವೈಶೇಷಿಕರ ಮತ. ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನೆಂಬ ಕಣವು ಅವಿನಾಶಿಯೆಂದು ಆಧುನಿಕ ಭೌತಶಾಸ್ತ್ರಜ್ಞರೂ ಬಹುಕಾಲ ನಂಬಿದ್ದರು. ಆದರೆ 1974 ರಲ್ಲಿ ಜಾರ್ಜಿ, ಗ್ಲಾಷೋ ಎಂಬ ವಿದ್ವಾಂಸರು ಪ್ರಕೃತಿಯ ಬಲಗಳನ್ನು ಏಕಸೂತ್ರದಲ್ಲಿ ಪೋಣಿಸಹೊರಟು, ಪ್ರೋಟಾನಿಗೂ ಕ್ಷಯವುಂಟೆಂಬ ಸಿದ್ಧಾಂತವನ್ನು ಮುಂದಿಟ್ಟರು. ಅದರ ಆಯುಸ್ಸು 1 ರ ಮುಂದೆ 30 ಅಥವಾ 31 ಸೊನ್ನೆಗಳನ್ನಿಟ್ಟಷ್ಟು ವರ್ಷ! ಅಷ್ಟು ಕಾಲ ಕಾಯುವವರಾರು? ಒಂದು ಕಣವನ್ನು ಯುಗಯುಗ ಕಾಯುವ ಬದಲು, ಅಸಂಖ್ಯ ಕಣಗಳನ್ನು ಕೆಲವು ವರ್ಷ ಕಾಯುವುದೇ ಇದಕ್ಕೆ ಉಪಾಯ.

ಇಂಥ ಶೋಧಕ್ಕೆ ತಕ್ಕ ಸ್ಥಳವು ಕನ್ನಡನಾಡಿನಲ್ಲಿಯೇ ಇದ್ದಿತು. ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ಕೋಲಾರದ ಚಿನ್ನದ ಗಣಿಯ ಬಂಡೆಗಳು ಬಹುಮಟ್ಟಿಗೆ ತಡೆಯುತ್ತಿದ್ದುವು. ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರು 1950 ರ ದಶಕದಲ್ಲಿ ಅಲ್ಲಿಗಿಳಿದು ಆ ಕಿರಣಗಳನ್ನು ಅಳೆದಿದ್ದರು. 1965 ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತೂ ಅಲ್ಲಿಯೇ ದೊರೆಯಿತು. 1980 ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾದ ವಿದ್ವಾಂಸರೂ ಕೂಡಿ, ಸುಮಾರು 2300 ಮೀಟರು ಆಳದಲ್ಲಿ, ಕಬ್ಬಿಣದ ಫಲಕಗಳ ನಡುವೆ ಕಣಗಣಕಗಳನ್ನು ಜೋಡಿಸಿದ 140 ಟನ್ನಿನ ಯಂತ್ರವನ್ನು ನಿಲ್ಲಿಸಿದರು.

ಕೆಲವು ಘಟನೆಗಳು ಕಣಕ್ಷಯದಂತೆಯೇ ತೋರಿದುವು. ಶೋಧಕರು ಅವನ್ನು ಪ್ರಕಟಿಸಿದಾಗ ಜಗತ್ತಿನ ವಿಜ್ಞಾನಿಗಳ ಕಣ್ಣು ಕೋಲಾರದತ್ತ ತಿರುಗಿತು. ಆದರೆ ನ್ಯೂಟ್ರಿನೋಗಳ ತಾಡನದಿಂದಲೂ ಅಂಥ ಆಭಾಸ ಉಂಟಾಗಬಲ್ಲದು. ಅಮೆರಿಕ, ಜಪಾನುಗಳಲ್ಲಿ ಸಾವಿರಾರು ಟನ್ನು ನೀರಿನ ತೊಟ್ಟಿಗಳ ಮುಂದೆ ಕಾದವರಿಗೆ ಕ್ಷಯವು ಕಾಣಿಸಲಿಲ್ಲ. ಕೋಲಾರದ ಸೂಚನೆಯು ಸಿದ್ಧವಾಗದೆ ಉಳಿಯಿತು.

ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವೆ? ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನೂ, ಎಂದರೆ ಕಾಣದಿರುವುದನ್ನೂ, ಪ್ರಮಾಣವೆಂದೊಪ್ಪುವರು; ಆದರೆ ವಸ್ತುವಿದ್ದಿದ್ದರೆ ಕಾಣಲೇಬೇಕಾದ ಸಂದರ್ಭವಿರಬೇಕು. ಕತ್ತಲೆಯ ಹಗೆಯಲ್ಲಿ ಜೋಳ ಕಾಣದಿದ್ದರೆ ಜೋಳವಿಲ್ಲವೆನ್ನಲಾಗದು. ದೀಪವಿಳಿಸಿ ನೋಡಿದ ಮೇಲೆ ಹೇಳಬಹುದು. ಹೆಚ್ಚು ಕಣಗಳನ್ನು ಕಾಯುವ ದೊಡ್ಡ ಯಂತ್ರವೇ ಇಲ್ಲಿ ದೊಡ್ಡ ದೀಪ. ಆ ಬೆಳಕಿನಲ್ಲಿ 1974 ರ ಸಿದ್ಧಾಂತದ ಸರಳರೂಪವು ತ್ಯಾಜ್ಯವಾಯಿತು. ಜಪಾನಿನ ಸೂಪರ್ ಕಾಮಿಯೊಕಾಂಡೆಯ ಶೋಧದಿಂದ, ಪ್ರಧಾನವೆಂದೆಣಿಸಿದ್ದ ಕ್ಷಯಮಾರ್ಗಕ್ಕೆ 1 ರ ಮುಂದೆ 34 ಸೊನ್ನೆಗಳಷ್ಟು ವರ್ಷಗಳೂ ಸಾಲವೆಂದು ತಿಳಿದಿದೆ.

ದುರ್ಲಭವೆಲ್ಲವೂ ಅಲಭ್ಯವೆಂದಲ್ಲ. ಜಿನೀವಾದ ಬಳಿಯ ಮಹಾಘರ್ಷಕದಲ್ಲಿ, ಒಂದು ಬಗೆಯ ಬಿ-ಮೆಸಾನು ಎರಡು ಮ್ಯೂಆನುಗಳಾಗಿ ಒಡೆಯುವುದನ್ನು 2015 ರಲ್ಲಿ ನಿಶ್ಚಯವಾಗಿ ಸಾರಲಾಯಿತು. ಅದು 100 ಕೋಟಿಗೆ ಮೂರರಷ್ಟು ವಿರಳ. ಕೋಲಾರದ ಗಣಿಯು 2001 ರಲ್ಲಿ ಮುಚ್ಚಿತು. ಪ್ರೋಟಾನು ನಿತ್ಯವೋ ಅನಿತ್ಯವೋ ಎಂಬ ವಿವಾದ ಇನ್ನೂ ತೀರಿಲ್ಲ. ಆದರೆ ಅದನ್ನು ಪ್ರಯೋಗದಿಂದ ತೀರ್ಮಾನಿಸಹೊರಟವರ ಮೊದಲ ಸಾಲಿನಲ್ಲಿ ಕನ್ನಡನಾಡಿನ ಆ ಗಣಿಗೂ ಸ್ಥಾನವಿದೆ.