ಬಾಂಗ್ಲಾದೇಶದ ಕೆಂಪು ಕೈಪಂಪುಗಳು

ಕಳೆದ ರಮಝಾನಿನಲ್ಲಿ ಅಣ್ಣತಮ್ಮಂದಿರಿಬ್ಬರು ನಮ್ಮ ಬಳಿ ಬಂದರು. ತೀರಿಹೋದ ತಂದೆಯ ಹೆಸರಿನಲ್ಲಿ ನೀರಿಲ್ಲದ ಒಂದು ಹಳ್ಳಿಗೆ ಬೋರ್‌ವೆಲ್ ಕೊರೆಸಿಕೊಡುವುದು ಅವರ ಆಸೆ. ನಮಗೆ ಸಂತೋಷವಾಯಿತು. ಹಜರತ್ ಸಅದ್ ಬಿನ್ ಉಬಾದಾ(ರ) ತಮ್ಮ ಮೃತ ತಾಯಿಗಾಗಿ ಯಾವ ದಾನ ಉತ್ತಮ ಎಂದು ವಿಚಾರಿಸಿದಾಗ ಪ್ರವಾದಿವರ್ಯರು(ಸ) ನೀರಿನ ದಾನವನ್ನು ತಿಳಿಸಿದ್ದು, ಅವರು ಬಾವಿ ತೋಡಿಸಿದ್ದು, ಎಲ್ಲವನ್ನೂ ನೆನಪಿಸಿದೆವು. ಕೊರೆಸಿದ ಮೇಲೆ ನೀರನ್ನು ಪರೀಕ್ಷೆ ಮಾಡಿಸಿ ಎಂದಾಗ ಮಾತ್ರ ಅಣ್ಣನಿಗೆ ಆಶ್ಚರ್ಯ. "ನೀರು ಬಂದ್ರೆ ಸಾಕಲ್ವಾ ಹಜರತ್?" ಎಂದರು. ಆ ಪ್ರಶ್ನೆಗೆ ಉತ್ತರವಾಗಿ ನಾವು ಒಂದು ಜುಮಾದಲ್ಲಿ ಬಾಂಗ್ಲಾದೇಶದ ಚರಿತ್ರೆಯನ್ನು ಹೇಳಿದೆವು. ಅದರ ಸಾರಾಂಶ ಇಲ್ಲಿದೆ.

ಬಾಂಗ್ಲಾದೇಶದಲ್ಲಿ ನೀರಿಗೆ ಬರವಿಲ್ಲ. ಗಂಗೆ, ಬ್ರಹ್ಮಪುತ್ರ, ಮೇಘನಾ ಎಂಬ ಮೂರು ಮಹಾನದಿಗಳು ಹರಿಯುವ ನಾಡು ಅದು. ಆದರೆ ಹಳ್ಳಿಯ ಜನ ಕುಡಿಯುತ್ತಿದ್ದುದು ಕೆರೆಕುಂಟೆಗಳ ನೀರನ್ನು. ಪಾತ್ರೆ ತೊಳೆಯುವುದು, ದನ ಮೀಯಿಸುವುದು ಎಲ್ಲವೂ ಅಲ್ಲೇ. ಕಾಲರಾ, ವಾಂತಿಭೇದಿ ಪ್ರತಿವರ್ಷ ಅಸಂಖ್ಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದವು. 1970ರ ದಶಕದಲ್ಲಿ ಸರಕಾರವೂ ಯುನಿಸೆಫ್ ಸಂಸ್ಥೆಯೂ ಸೇರಿ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದವು. ನೆಲದಡಿಯ ನೀರಿನಲ್ಲಿ ರೋಗಾಣು ಕಡಿಮೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಮೆಲ್ಲಗೆ ಜನರೇ ತಮ್ಮ ದುಡ್ಡಿನಲ್ಲಿ ಪಂಪು ಹಾಕಿಸಿಕೊಳ್ಳತೊಡಗಿದರು. ಹೆಣ್ಣುಮಗಳಿಗೆ ದೂರ ಹೋಗಿ ನೀರು ಹೊರುವ ಕಷ್ಟ ತಪ್ಪಿತು. 1990ರ ದಶಕದ ಹೊತ್ತಿಗೆ ಹಳ್ಳಿಗರಲ್ಲಿ ಬಹುಪಾಲು ಜನ ಕೈಪಂಪಿನ ನೀರನ್ನೇ ಕುಡಿಯುತ್ತಿದ್ದರು. ಬಡದೇಶವೊಂದು ಎಲ್ಲರಿಗೂ ಶುದ್ಧ ನೀರು ಕೊಟ್ಟಿತು ಎಂದು ಲೋಕವೇ ಮೆಚ್ಚಿಕೊಂಡಿತು.

ಆದರೆ ಆ ತಿಳಿನೀರಿನಲ್ಲಿ ಆರ್ಸೆನಿಕ್ ಇತ್ತು. ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷದ ಮೂಲಧಾತು ಅದು. ಯಾವ ಕಾರ್ಖಾನೆಯೂ ಅದನ್ನು ಬೆರೆಸಿರಲಿಲ್ಲ. ಸಾವಿರಾರು ವರ್ಷಗಳಿಂದ ನದಿಗಳು ಹಿಮಾಲಯದಿಂದ ಹೊತ್ತು ತಂದ ಮಣ್ಣಿನಲ್ಲಿ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್, ಗಾಳಿಯಾಡದ ಆಳದಲ್ಲಿ ಬಿಡಿಸಿಕೊಂಡು ನೀರಿಗೆ ಸೇರುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗದು. ಬಾವಿ ಕೊರೆಸುವಾಗ ಆರ್ಸೆನಿಕ್ ಪರೀಕ್ಷೆ ಮಾಡುವ ರೂಢಿಯೇ ಇರಲಿಲ್ಲ.

ವರ್ಷಗಳು ಕಳೆದಂತೆ ಮೈಮೇಲೆ ಕಪ್ಪು ಮಚ್ಚೆ ಕಾಣಿಸಿತು. ಅಂಗೈ ಅಂಗಾಲು ಗಂಟುಗಂಟಾಗಿ ಒರಟಾದವು. ಕೆಲವರಿಗೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬಂತು. ಇದು ಅಂಟುರೋಗವೆಂದು ತಿಳಿದು ಜನ ರೋಗಿಗಳನ್ನು ದೂರವಿಟ್ಟರು. ಮಚ್ಚೆಯಿದ್ದ ಹೆಣ್ಣುಮಕ್ಕಳಿಗೆ ಮದುವೆ ಆಗದಾಯಿತು, ಮದುವೆಯಾದವರಲ್ಲಿ ಕೆಲವರನ್ನು ತವರಿಗೆ ಅಟ್ಟಿದರು. ಕುಡಿದದ್ದು ಮನೆಯವರೆಲ್ಲ ಒಂದೇ ನೀರು, ಶಿಕ್ಷೆ ಮಾತ್ರ ಹೆಣ್ಣಿಗೆ!

ಗಡಿಯ ಈಚೆಗೆ ಪಶ್ಚಿಮ ಬಂಗಾಳದಲ್ಲಿ, ಕಲ್ಕತ್ತೆಯ ಚರ್ಮವೈದ್ಯ ಡಾ. ಕೆ.ಸಿ. ಸಹಾ 1983ರಲ್ಲೇ ಈ ರೋಗವನ್ನು ಗುರುತಿಸಿದ್ದರು. ಬಾಂಗ್ಲಾದೇಶದ ಬಾವಿಗಳಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. ಅದಕ್ಕೆ ಮುಂಚೆ 1992ರಲ್ಲಿ ಬ್ರಿಟನ್ನಿನ ಭೂವಿಜ್ಞಾನ ಸಂಸ್ಥೆಯೊಂದು ಅಲ್ಲಿನ ಬಾವಿನೀರನ್ನು ಪರೀಕ್ಷಿಸಿತ್ತು. ಆದರೆ ಪರೀಕ್ಷೆಯ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಅದೇ ಸಂಸ್ಥೆ ಬಾಂಗ್ಲಾ ಸರಕಾರದ ಜೊತೆ 1998-99ರಲ್ಲಿ 3,534 ಬಾವಿಗಳ ನೀರನ್ನು ನೋಡಿದಾಗ, ಕಡಿಮೆ ಆಳದ ಬಾವಿಗಳಲ್ಲಿ 27%ರಷ್ಟು ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೋಗ್ರಾಂ ಅನ್ನು ಮೀರಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10 ಮಾತ್ರ. ಮೂರೂವರೆ ಕೋಟಿ ಜನ ಅಂಥ ನೀರು ಕುಡಿಯುತ್ತಿದ್ದಾರೆಂದು ಅಂದಾಜಾಯಿತು.

ಬಳಿಕ ಸುಮಾರು 50 ಲಕ್ಷ ಕೈಪಂಪುಗಳನ್ನು ಪರೀಕ್ಷಿಸಿ, ಸುರಕ್ಷಿತವಾದವಕ್ಕೆ ಹಸಿರು, ವಿಷದವಕ್ಕೆ ಕೆಂಪು ಬಣ್ಣ ಬಳಿದರು. ಕೆಂಪಾದವು ಸುಮಾರು 14 ಲಕ್ಷ. ಒಂದು ಮನೆಯದು ಕೆಂಪು, ಪಕ್ಕದ ಮನೆಯದು ಹಸಿರು. ಹಸಿರು ಪಂಪಿನವರು ನೆರೆಯವರಿಗೆ ಬಾಗಿಲು ತೆರೆದ ಕಡೆ ಜೀವಗಳು ಉಳಿದವು. ನೂರೈವತ್ತು ಮೀಟರಿಗಿಂತ ಆಳದ ಬಾವಿಗಳಲ್ಲಿ ಹೆಚ್ಚಾಗಿ ಒಳ್ಳೆಯ ನೀರು ಸಿಗುತ್ತದೆ, ಖರ್ಚು ಮಾತ್ರ ಹೆಚ್ಚು. ಸರಕಾರ ಕೊರೆಸಿದ ಇಂಥ ಬಾವಿಗಳಲ್ಲಿ ಎಷ್ಟೋ, ಬಡವರ ಕೇರಿಯ ಬದಲು ಪ್ರಭಾವಿಗಳ ಅಂಗಳ ಸೇರಿದವೆಂದು 2016ರ ಹ್ಯೂಮನ್ ರೈಟ್ಸ್ ವಾಚ್ ವರದಿ ತಿಳಿಸಿತು. ಆಗಲೂ ಸುಮಾರು ಎರಡು ಕೋಟಿ ಜನ ವಿಷದ ನೀರು ಕುಡಿಯುತ್ತಿದ್ದರು.

1992ರ ಪರೀಕ್ಷೆಯ ವಿಷಯದಲ್ಲಿ ಬ್ರಿಟನ್ನಿನಲ್ಲಿ ದಾವೆ ನಡೆಯಿತು. ಆ ಸಂಸ್ಥೆಗೆ ಅಲ್ಲಿನ ಜನರ ಬಗ್ಗೆ ಕಾನೂನಿನ ಹೊಣೆ ಇರಲಿಲ್ಲವೆಂದು 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅಲ್ಲಾಹನ ಮುಂದೆ ನಾವು ಕೊಡಬೇಕಾದ ಲೆಕ್ಕ ಅಷ್ಟಕ್ಕೆ ಮುಗಿಯುತ್ತದೆಯೇ?

ಸಹೋದರ ಸಹೋದರಿಯರೇ, ಕೈಪಂಪು ಹಾಕಿಸಿದವರ ನಿಯ್ಯತ್ ಒಳ್ಳೆಯದಿತ್ತು. ನಾವು ಅವರನ್ನು ದೂಷಿಸುವುದಿಲ್ಲ. ಆದರೆ ನಿಯ್ಯತ್ ಒಳ್ಳೆಯದಿದ್ದ ಮಾತ್ರಕ್ಕೆ ನೀರು ಒಳ್ಳೆಯದಾಗುವುದಿಲ್ಲ. ಸದಕಾ ಜಾರಿಯಾದ ಪುಣ್ಯ ನಾವಿಲ್ಲದಾಗಲೂ ಹರಿಯುತ್ತಿರುತ್ತದೆ ಎನ್ನುತ್ತೇವೆ. ಹಾಗಾದರೆ ಅದರ ನೀರನ್ನು ನೋಡಿಕೊಳ್ಳುವ ಅಮಾನತ್ ಕೂಡ ಉದ್ಘಾಟನೆಯ ದಿನಕ್ಕೆ ಮುಗಿಯಬಾರದು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದೂ ಕಣ್ಣಿಗೆ ಕಾಣದು, ಕುದಿಸಿದರೆ ಹೋಗದು. ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಹಿರಿಯರ ಮೂಳೆ ಸೆಡೆಯುತ್ತದೆ. ಆದ್ದರಿಂದ ಬೋರ್‌ವೆಲ್ ಕೊಡುವವರಿಗೆ ನಮ್ಮ ವಿನಂತಿ ಇಷ್ಟು: ನೀರು ಬಂದ ಕೂಡಲೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಊರಿನವರಿಗೆ ಕನ್ನಡದಲ್ಲಿ ಬರೆದು ತಿಳಿಸಿ, ಪ್ರತಿವರ್ಷ ಮತ್ತೆ ನೋಡಿಸಿ. ಕೊರೆಸುವ ದುಡ್ಡಿನ ಮುಂದೆ ಈ ಖರ್ಚು ಏನೂ ಅಲ್ಲ. ನೀರು ಕೆಟ್ಟದ್ದೆಂದು ತಿಳಿದರೆ ಮುಚ್ಚಿಡಬೇಡಿ. ನಿಮ್ಮ ತಂದೆಯ ಹೆಸರಿನ ಕಲ್ಲಿನ ಪಕ್ಕದಲ್ಲೇ 'ಕುಡಿಯಲು ಅಲ್ಲ' ಎಂದು ಬರೆಸಿ.

ಆ ಅಣ್ಣತಮ್ಮಂದಿರು ಜುಮಾ ಮುಗಿದ ಮೇಲೆ ಬಂದು, ಪರೀಕ್ಷೆಗೆ ನೀರನ್ನು ಎಂಥ ಬಾಟಲಿಯಲ್ಲಿ ತೆಗೆದುಕೊಂಡು ಹೋಗಬೇಕೆಂದು ಕೇಳಿದರು. ಅಲ್ಲಾಹನು ಅವರ ದಾನವನ್ನು ಸ್ವೀಕರಿಸಲಿ. ಆಮೀನ್.