ಸ್ಪ್ರಿಂಟ್ ಇಂಟರ್‌ವಲ್ ವ್ಯಾಯಾಮ

ಕೆಲವು ಸೆಕೆಂಡು ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ದುಡಿದು, ಸ್ವಲ್ಪ ಹೊತ್ತು ನಿಧಾನವಾಗಿ ಚಲಿಸುತ್ತ ದಣಿವಾರಿಸಿಕೊಂಡು, ಮತ್ತೆ ಅದೇ ಬಿರುಸಿನಲ್ಲಿ ತೊಡಗುವ ಅಂಗಸಾಧನೆಯ ಕ್ರಮ. ಎಚ್‌ಐಐಟಿ ಎಂದು ಜಿಮ್‌ಗಳಲ್ಲಿ ಬಳಕೆಯಲ್ಲಿರುವ ತೀವ್ರ ವ್ಯಾಯಾಮಗಳಲ್ಲೇ ಇದು ಅತಿ ತೀವ್ರವಾದ ಬಗೆ. ಇದರ ಪರಿಣಾಮವನ್ನು ಮುಖ್ಯವಾಗಿ ವಿಓ2 ಮ್ಯಾಕ್ಸ್‌ನಿಂದ, ಎಂದರೆ ದೇಹವು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣದಿಂದ ಅಳೆಯುತ್ತಾರೆ.

ಓಡುವುದು, ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು ಎಂಬ ಈ ಪದ್ಧತಿ ಮೊದಲು ಕ್ರೀಡಾಪಟುಗಳದು. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೊಲ್ಡೆಮಾರ್ ಗೆರ್ಶ್ಲರ್ ಇದಕ್ಕೊಂದು ಶಿಸ್ತು ತಂದ. 1996ರಲ್ಲಿ ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು 20 ಸೆಕೆಂಡು ದುಡಿಮೆ, 10 ಸೆಕೆಂಡು ವಿಶ್ರಾಂತಿಯ ಕ್ರಮವನ್ನು ಆರು ವಾರ ಪರೀಕ್ಷಿಸಿ, ವಿಓ2 ಮ್ಯಾಕ್ಸ್ ಹೆಚ್ಚಿದ್ದನ್ನು ತೋರಿಸಿದರು.

ವ್ಯಾಯಾಮದ ರೂಢಿಯಿಲ್ಲದವರಿಗೂ ಇದು ಒಗ್ಗುತ್ತದೆಯೇ ಎಂಬುದನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ ಪರಿಶೀಲಿಸಿತು. 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಂದು ಗುಂಪಿನ ಪುರುಷರು ವ್ಯಾಯಾಮದ ಸೈಕಲ್ಲಿನ ಮೇಲೆ ಎರಡು ನಿಮಿಷ ಮೈ ಬಿಸಿ ಮಾಡಿಕೊಂಡು, 20 ಸೆಕೆಂಡು ಶಕ್ತಿಮೀರಿ ತುಳಿದು, ಎರಡು ನಿಮಿಷ ಹಗುರವಾಗಿ ತುಳಿಯುತ್ತಿದ್ದರು. ಇಂಥ ಬಿರುಸಿನ ತುಳಿತ ಒಟ್ಟು ಮೂರು. ಕೊನೆಗೆ ಮೂರು ನಿಮಿಷ ಮೈ ತಣಿಸಿಕೊಂಡರೆ ಹತ್ತೇ ನಿಮಿಷಕ್ಕೆ ಮುಗಿಯಿತು. ಇನ್ನೊಂದು ಗುಂಪು 45 ನಿಮಿಷ ಒಂದೇ ಹದದಲ್ಲಿ ತುಳಿಯಿತು. ವಾರಕ್ಕೆ ಮೂರು ದಿನದಂತೆ 12 ವಾರ ಕಳೆದಾಗ ಎರಡೂ ಗುಂಪುಗಳ ಆಮ್ಲಜನಕ ಬಳಕೆಯ ಸಾಮರ್ಥ್ಯ ಸುಮಾರು 19%ರಷ್ಟು ಏರಿತ್ತು. 2017ರಲ್ಲಿ ಅದೇ ವಿಶ್ವವಿದ್ಯಾಲಯದ ಸಂಶೋಧಕರು ಸೈಕಲ್ಲಿನ ಬದಲು ಮೆಟ್ಟಿಲು ಹತ್ತಿಸಿದರು. 20 ಸೆಕೆಂಡಿನಂತೆ ಮೂರು ಸಲ ರಭಸದಿಂದ ಹತ್ತಿದ ಯುವತಿಯರಲ್ಲಿ ಆರು ವಾರಕ್ಕೆ ಸುಮಾರು 12% ಏರಿಕೆ ಕಂಡಿತು.

ಏಕಾಏಕಿ ಬಿರುಸಾಗಿ ದುಡಿದಾಗ ನಿಧಾನ ನಡಿಗೆಯಲ್ಲಿ ಹೆಚ್ಚು ಬಳಕೆಯಾಗದ ಸ್ನಾಯುತಂತುಗಳೂ ಕೆಲಸಕ್ಕಿಳಿಯುತ್ತವೆ, ಸ್ನಾಯುವಿನಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೋಜನ್ ಬೇಗ ಕರಗುತ್ತದೆ. ಶಕ್ತಿಯ ಈ ಕೊರತೆಯೇ ಸಂಕೇತವಾಗಿ, ಜೀವಕೋಶಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ವೃದ್ಧಿಸುತ್ತವೆ.

ಈ ವ್ಯಾಯಾಮ ಉಳಿಸುವುದು ಸಮಯವನ್ನೇ ಹೊರತು ಶ್ರಮವನ್ನಲ್ಲ. ಏದುಸಿರು, ತೊಡೆಯ ಉರಿ ಸಾಮಾನ್ಯ. ಮೊದಮೊದಲು ತಲೆ ಸುತ್ತುವುದೂ ವಾಕರಿಕೆ ಬರುವುದೂ ಉಂಟು. ಅವಧಿ ಚಿಕ್ಕದಾದ್ದರಿಂದ ಕರಗುವ ಕ್ಯಾಲರಿ ಕಡಿಮೆ. ತೂಕ ಇಳಿಸಲು ಇದೊಂದೇ ಸಾಲದು. ಹೃದ್ರೋಗ, ಎದೆನೋವು, ಅಧಿಕ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಉಳಿದವರೂ ಚುರುಕು ನಡಿಗೆಯಿಂದ ಆರಂಭಿಸಿ, ವಾರದಿಂದ ವಾರಕ್ಕೆ ಬಿರುಸು ಏರಿಸುವುದು ಕ್ಷೇಮ.