ಟಿವಿ ಬಂದ್ ಮಾಡೋರು ಯಾರು?

ಇವತ್ತಿನ ಸಂಚಿಕೆ ನಮ್ಮೂರಿನ ಒಂದು ಮಾಳಿಗೆಯಿಂದ ಶುರುವಾಗ್ತದೆ.

ಊರು ಹಳ್ಳಿಖೇಡ (ಬಿ), ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕು. ವರ್ಷ 1998. ನಮ್ಮ ಓಣಿಗೆ ಒಂದೇ ಟಿವಿ, ಅದರ ಮುಂದೆ ಮಕ್ಕಳೆಲ್ಲ ಹಾಜರ್. ದೂರದರ್ಶನದಲ್ಲಿ ‘ಶಕ್ತಿಮಾನ್’. ಕನ್ನಡ, ಉರ್ದು, ಮರಾಠಿ ಮೂರೂ ಓಡಾಡೋ ಓಣಿಯಲ್ಲಿ ಹಿಂದಿ ಯಾರಿಗೂ ಕಷ್ಟ ಅನ್ನಿಸ್ತಿರಲಿಲ್ಲ. ಅವತ್ತು ಕಾರ್ಯಕ್ರಮ ಮುಗಿದದ್ದೇ ತಡ, ನನ್ನ ಕಾಕಾನ ಮಗ ಮಾಳಿಗೆ ಹತ್ತಿದ, ಕೈ ಮೇಲೆತ್ತಿ ಗಿರಗಿರ ತಿರುಗಿದ, ಹಾರಿಬಿಟ್ಟ. ಕೆಳಗೆ ಜೋಳದ ಕಣಿಕಿ ಇದ್ದದ್ದಕ್ಕೆ ಕೈ ಮುರಿದದ್ದರಲ್ಲೇ ಉಳಿದ.

“ಮೊದಲ ಆ ಟಿವಿ ಬಂದ್ ಮಾಡ್ರಿ!” ಅಂತ ನಮ್ಮವ್ವ ಚೀರಿದ್ದು ಇನ್ನೂ ನೆನಪಿದೆ. ಟಿವಿ ಇದ್ದ ಮನೆಯವರು ಮೆಲ್ಲಗೆ ಅಂದ್ರು: “ನಾ ಬಂದ್ ಮಾಡಿದ್ರ ಪೋರಗೋಳು ಮುಂದಿನ ಓಣಿಗಿ ಹೋಗ್ತಾವ, ವೈನಿ.”

ನಮ್ಮ ದೇಶದ ಟಿವಿ ನಿಯಮಗಳ ಕಥೆಯೂ ಇದೇ ಪ್ರಶ್ನೆಯ ಸುತ್ತ ತಿರುಗ್ತದೆ. ಬಂದ್ ಮಾಡೋರು ಯಾರು? ಅವ್ವನಾ, ಚಾನೆಲ್‌ನವರಾ, ಸರ್ಕಾರನಾ?

ನಮ್ಮ ಭಾಗಕ್ಕೆ ಟಿವಿ ಬಂದದ್ದೇ ಮಕ್ಕಳಿಗಾಗಿ ಅಂದ್ರೆ ನಂಬ್ತೀರಾ? 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಅನ್ನೋ ಉಪಗ್ರಹ ಪ್ರಯೋಗ ನಡೀತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆ ಹಳ್ಳಿಗಳು ಇದ್ದದ್ದು ನಮ್ಮ ಪಕ್ಕದ ಕಲಬುರಗಿ, ರಾಯಚೂರು, ವಿಜಯಪುರದ ಕಡೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಬೆಂಗಳೂರಿಗೆ ಟಿವಿ ಬಂದದ್ದು ಆಮೇಲೆ, 1981ರಲ್ಲಿ. ಆಗ ಪ್ರಸಾರ ಮಾಡೋದು ಸರ್ಕಾರ ಒಂದೇ. ಏನು ತೋರಿಸಬೇಕು, ಏನು ಬಾರದು, ಎಲ್ಲ ಅದರ ಕೈಯಲ್ಲೇ.

1991ರ ನಂತರ ಚಿತ್ರ ಬದಲಾಯ್ತು. ಮಾಳಿಗೆಗಳ ಮೇಲೆ ಡಿಶ್, ಕಂಬದಿಂದ ಕಂಬಕ್ಕೆ ಕೇಬಲ್. ಕಾನೂನು ಅದರ ಬೆನ್ನು ಹತ್ತಿ ಓಡಿತು: 1994ರಲ್ಲಿ ಕೇಬಲ್ ಟಿವಿ ನಿಯಮಗಳು, 1995ರಲ್ಲಿ ಕಾಯ್ದೆ. ಆ ನಿಯಮಗಳ 6ನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಅದರಲ್ಲಿ ಎರಡು ಮಾತು ಸ್ಪಷ್ಟ. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಭಾಷೆ, ಢಾಳಾದ ಹಿಂಸೆ ಇರಬಾರದು. ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ಹೆಚ್ಚು ಮಕ್ಕಳು ನೋಡೋ ಹೊತ್ತಿನಲ್ಲಿ ತೋರಿಸಬಾರದು.

ಅಂದ್ರೆ ನಮ್ಮ ಅಣ್ಣ ಹಾರಿದಾಗ ನಿಯಮ ಇತ್ತು. ಆದರೆ ‘ಶಕ್ತಿಮಾನ್’ ಹಿಂಸೆ ಬೋಧಿಸೋ ಕಾರ್ಯಕ್ರಮ ಅಲ್ಲವೇ ಅಲ್ಲ, ಒಳ್ಳೇ ಬುದ್ಧಿ ಹೇಳ್ತಿತ್ತು. ದೇಶದ ಬೇರೆ ಕಡೆಯೂ ಮಕ್ಕಳು ಅನುಕರಿಸಿ ಪೆಟ್ಟು ಮಾಡ್ಕೊಂಡ ವರದಿಗಳು ಬಂದವು. ಕೊನೆಗೆ ನಟ ಮುಕೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು, ಹೀಗೆ ಮಾಡಬೇಡಿ ಅಂತ ಮಕ್ಕಳಿಗೆ ಹೇಳಬೇಕಾಯ್ತು.

ಮುಂದಿನ ತಿರುವು ಮುಂಬೈದು. ಕಾಲೇಜು ಪ್ರಾಧ್ಯಾಪಕಿ ಪ್ರತಿಭಾ ನೈಥಾನಿ ಬಾಂಬೆ ಹೈಕೋರ್ಟ್‌ಗೆ ಹೋದರು. ವಯಸ್ಕರ ಸಿನಿಮಾಗಳನ್ನು ಮನೆಯ ಟಿವಿಯಲ್ಲಿ ಹ್ಯಾಗೆ ತೋರಿಸ್ತೀರಿ ಅನ್ನೋದು ಅವರ ಪ್ರಶ್ನೆ. 2005ರಲ್ಲಿ ಕೋರ್ಟ್ ಅವರ ಮಾತು ಎತ್ತಿಹಿಡೀತು: ‘ಯು’ ಮತ್ತು ‘ಯು/ಎ’ ಸಿನಿಮಾ ಮಾತ್ರ ತೋರಿಸಬೇಕು. 2011ರಲ್ಲಿ ಚಾನೆಲ್‌ಗಳೇ ಸೇರಿ ದೂರು ಮಂಡಳಿ ಕಟ್ಟಿಕೊಂಡವು. ನಿರ್ಬಂಧಿತ ಕಾರ್ಯಕ್ರಮಗಳಿಗೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಸಮಯ ಗೊತ್ತಾಯ್ತು. ಬ್ರಿಟನ್‌ನಲ್ಲಿ ಇಂಥ ಗೆರೆ ರಾತ್ರಿ 9ಕ್ಕೇ ಇದೆ.

ಆದರೆ ಒಂದು ದೊಡ್ಡ ಸಂದು ಉಳೀತು. ಸಿನಿಮಾಕ್ಕೆ ಪ್ರಮಾಣಪತ್ರ ಬೇಕು, ಧಾರಾವಾಹಿಗೆ ಬೇಡ. ಮನೆಮಂದಿಯೆಲ್ಲ ಊಟದ ಹೊತ್ತಿಗೆ ನೋಡೋದು ಧಾರಾವಾಹಿಯನ್ನೇ.

2017ರ ನವೆಂಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಹರಿಹರದಿಂದ ಒಂದು ಸುದ್ದಿ ಬಂತು. ಧಾರಾವಾಹಿಯ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿ ಏಳು ವರ್ಷದ ಹುಡುಗಿ ಸುಟ್ಟಗಾಯಗಳಿಂದ ಸತ್ತಳು ಅಂತ ಪತ್ರಿಕೆಗಳು ಬರೆದವು. ಓದಿದಾಗ ನನಗೆ ನಮ್ಮೂರಿನ ಕಣಿಕಿ ರಾಶಿ ನೆನಪಾಯ್ತು. ಆ ಕೂಸಿನ ಕೆಳಗೆ ಕಣಿಕಿ ಇರಲಿಲ್ಲ.

ಹಾಗಾದ್ರೆ ನಾವು ಏನು ಮಾಡಬಹುದು? ದೂರು ಕೊಡಬಹುದು. 2021ರ ಜೂನ್ ತಿದ್ದುಪಡಿ ಪ್ರಕಾರ ಮೊದಲ ದೂರು ಚಾನೆಲ್‌ಗೇ. ಅದು 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಒಪ್ಪಿಗೆ ಆಗದಿದ್ರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅದರ ಮೇಲೆ ಕೇಂದ್ರ ಸರ್ಕಾರಕ್ಕೆ. ದಾರಿ ಇದೆ, ಆದರೆ ಎಲ್ಲವೂ ಪ್ರಸಾರ ಆದ ಮೇಲಿನ ದಾರಿ. ಯಾರಾದ್ರೂ ಬರೆದು ಕೊಡದಿದ್ರೆ ಅದು ತೆರೆಯೋದೂ ಕಡಿಮೆ.

ಈಗ ಗಡಿಯಾರದ ಲೆಕ್ಕವೂ ಹೋಯ್ತು. ಫೋನಿನಲ್ಲಿ ರಾತ್ರಿ 11 ಅನ್ನೋದೇ ಇಲ್ಲ. ಅದಕ್ಕೇ 2021ರ ಐಟಿ ನಿಯಮಗಳು ಒಟಿಟಿಗೆ 7+, 13+, 16+ ಅಂತ ವಯಸ್ಸಿನ ಗುರುತು ತಂದವು, 13+ ಮತ್ತು ಮೇಲಿನದಕ್ಕೆ ಲಾಕ್ ಸೌಲಭ್ಯ ಇರಬೇಕು ಅಂದವು. ಜನ ತಾವೇ ಹಾಕೋ ರೀಲ್ಸ್‌ಗೆ ಈ ಗುರುತು ಇಲ್ಲ.

ಹಾರಿದ್ದ ಅಣ್ಣನಿಗೆ ಈಗ ಆರು ವರ್ಷದ ಮಗಳಿದ್ದಾಳೆ. ಹೋದ ಸಲ ಊರಿಗೆ ಹೋದಾಗ ಫೋನ್ ನನ್ನ ಕೈಗೆ ಕೊಟ್ಟು, “ತಮ್ಮಾ, ಇದಕ್ಕ ಲಾಕ್ ಹಾಕಿ ಕೊಡು” ಅಂದ. ಒಟಿಟಿಗೆ ಹಾಕಿದೆ. “ಮತ್ತ ರೀಲ್ಸ್‌ಗೆ?” ಅಂದ. ನಾನು ಓದಿದ ಯಾವ ನಿಯಮದಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

“ಬಾಜೂ ಕುಂತು ನೋಡಣ್ಣ” ಅಂದೆ.

ಮನೆಯಲ್ಲಿ ಫೋನ್ ಸೆಟ್ಟಿಂಗ್ ಗೊತ್ತಿರೋದು ನಿಮಗೇ. ಈ ಸಂಚಿಕೆ ಮುಗಿದ ಮೇಲೆ ಒಮ್ಮೆ ನೋಡಿ.